ಹಳೇ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ನಾನು ಕಾದಿದ್ದು ಯಾಕೆ

ನನ್ನ ಬಳಿ ಇದ್ದದ್ದು ಎನ್ವಿಡಿಯಾ ಕಂಪನಿಯ, 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060 ಕಾರ್ಡ್. 2016ರಲ್ಲಿ ಬಂದ ಮಾಡೆಲ್. ಜೊತೆಗೆ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 1080ಪಿ ಮಾನಿಟರ್. ಆ ಮಾನಿಟರ್ ಸೆಕೆಂಡಿಗೆ ತೋರಿಸುವುದೇ 60 ಫ್ರೇಮ್, ಅಂದರೆ 60 ಚಿತ್ರ. ಗೇಮ್ ಆಡುವಾಗ ಅಷ್ಟು ಬರುತ್ತಿದ್ದರೆ ಹೊಸ ಕಾರ್ಡ್ ಯಾಕೆ, ಅಲ್ವಾ?

2021ರಲ್ಲಿ ಒಮ್ಮೆ ಆಸೆಯಾಗಿತ್ತು. ಆಗ ಚಿಪ್ ಕೊರತೆ, ಅದರ ಮೇಲೆ ಗ್ರಾಫಿಕ್ಸ್ ಕಾರ್ಡಿನಿಂದ ಇಥೀರಿಯಂ ಎಂಬ ಕ್ರಿಪ್ಟೋ ಹಣ ಗಳಿಸುವ ಮೈನಿಂಗ್ ಹುಚ್ಚು. ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಆಮೇಲೆ ಆಟಗಳು ತಡವರಿಸತೊಡಗಿದವು. ಎಲ್ಲರೂ ಕಾರ್ಡನ್ನೇ ಬೈಯುತ್ತಾರೆ. ನಾನು ಮೊದಲು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ, ಆಡುವಾಗ ಪರದೆಯ ಮೂಲೆಯಲ್ಲೇ ಅಂಕಿಗಳು ಕಾಣುವಂತೆ ಮಾಡಿಕೊಂಡೆ. ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಳಕೆ 97–99% ಇದ್ದರೆ ಕಾರ್ಡ್ ಸುಸ್ತಾಗಿದೆ ಎಂದರ್ಥ. ಆದರೆ ಜನ, ವಾಹನ ತುಂಬಿದ ನಗರದ ದೃಶ್ಯಗಳಲ್ಲಿ ನನ್ನ ಕಾರ್ಡ್ 60–70%ರಲ್ಲೇ ಇತ್ತು. ಪ್ರೊಸೆಸರಿನ ಹಲವು ಕೋರ್‌ಗಳಲ್ಲಿ ಒಂದು ಮಾತ್ರ ಪೂರ್ತಿ ದುಡಿದು ಏದುಸಿರು ಬಿಡುತ್ತಿತ್ತು. ಹಾಗಾಗಿ ಮೊದಲು ಬದಲಾಗಿದ್ದು ಪ್ರೊಸೆಸರ್. ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯೋಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಜನ್ 5 5600 ಕೂರಿಸಿದೆ. ಕಾರ್ಡಿನ ಧೂಳು ತೆಗೆದು ಚಿಪ್ಪಿನ ಬಿಸಿ ಹೊರಹಾಕಲು ಹಚ್ಚುವ ಥರ್ಮಲ್ ಪೇಸ್ಟನ್ನೂ ಬದಲಿಸಿದೆ. 83 ಡಿಗ್ರಿ ಹತ್ತಿರ ಹೋದರೆ ಈ ಕಾರ್ಡ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಬೆಂಗಳೂರಿನ ಧೂಳಿಗೆ ಅದೇನೂ ದೂರದ ಮಾತಲ್ಲ.

ಉಳಿದದ್ದು ಮೆಮೊರಿ. ಸರಾಸರಿ ಫ್ರೇಮ್ ಚೆನ್ನಾಗಿದ್ದರೂ ತಿರುವಿನಲ್ಲಿ ಗಕ್ಕನೆ ನಿಲ್ಲುತ್ತದೆ ಎಂದರೆ 6 ಜಿಬಿ ತುಂಬಿದೆ, ಕಾರ್ಡ್ ಸಿಸ್ಟಮ್ ರ‍್ಯಾಮಿಗೆ ಕೈಚಾಚುತ್ತಿದೆ ಎಂದು ಅನುಮಾನಿಸಬಹುದು. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ) ಗುಣಮಟ್ಟ ಒಂದು ಹಂತ ಇಳಿಸಿದರೆ ಸರಿಹೋಗುತ್ತಿತ್ತು. ಎಫ್‌ಎಸ್‌ಆರ್ ಎಂಬ, ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ತಂತ್ರ ಹಳೇ ಕಾರ್ಡಿನಲ್ಲೂ ನಡೆಯುತ್ತದೆ, ನಿಜ. ಆದರೆ 1080ಪಿಯಲ್ಲಿ ಅದರ ಕ್ವಾಲಿಟಿ ಮೋಡ್ ಕೂಡ ಚಿತ್ರ ಬಿಡಿಸುವುದು 720ಪಿಯಲ್ಲಿ. ದೂರದ ಮರಗಳೆಲ್ಲ ಕಲಸಿಹೋಗುತ್ತವೆ. ನನಗದು ಹಿಡಿಸಲಿಲ್ಲ.

ಸೆಟ್ಟಿಂಗ್ ಇಳಿಸಿ ಆಡಬಹುದಾದವರೆಗೆ ಕಾರ್ಡ್ ಬದಲಿಸುವುದಿಲ್ಲ ಎಂದುಕೊಂಡಿದ್ದೆ. 2024ರ ಡಿಸೆಂಬರಿನಲ್ಲಿ ಇಂಡಿಯಾನಾ ಜೋನ್ಸ್ ಆಟ ಬಂತು. ಅದಕ್ಕೆ ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಬೇಕೇ ಬೇಕು, 1060ರಲ್ಲಿ ಅದಿಲ್ಲ. ಇಳಿಸೋಣವೆಂದರೆ ಅದಕ್ಕೊಂದು ಸೆಟ್ಟಿಂಗೇ ಇಲ್ಲ. 2025ರ ಡೂಮ್ ಕೂಡ ಹಾಗೇ. ಆಮೇಲೆ ಎನ್ವಿಡಿಯಾ ಕೂಡ ಹೇಳಿತು: 1060ರ ತಲೆಮಾರಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರಿಗೆ ಕೊನೆ, ನಂತರ ಭದ್ರತಾ ಅಪ್‌ಡೇಟ್ ಮಾತ್ರ. ಅಲ್ಲಿಗೆ ತೀರ್ಮಾನವಾಯಿತು.

ವೇಗದಲ್ಲಿ ಆರ್‌ಟಿಎಕ್ಸ್ 4060 ಮುಂದಿದೆ. ಆದರೂ ತಗೊಂಡಿದ್ದು 12 ಜಿಬಿಯ 3060. 4060ರಲ್ಲಿ ಇರುವುದು 8 ಜಿಬಿ, ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿಗಳಾದ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳೂ ಎಂಟೇ. ನನ್ನ ಬೋರ್ಡಿನದು ಹಳೇ, ನಿಧಾನದ ಪಿಸಿಐ ಎಕ್ಸ್‌ಪ್ರೆಸ್ 3.0. ಮೆಮೊರಿ ತುಂಬಿದ ದಿನ ಆ ಇಕ್ಕಟ್ಟಾದ ದಾರಿಯಲ್ಲೇ ಎಲ್ಲವೂ ಓಡಾಡಬೇಕು, ಮತ್ತೆ ಅದೇ ತಡವರಿಕೆ. 3060ಗೆ ಹದಿನಾರು ಲೇನ್ ಇವೆ. 60 ಹರ್ಟ್ಸ್ ಮಾನಿಟರಿನವನಿಗೆ ಆ ಹೆಚ್ಚಿನ ವೇಗ ಕಟ್ಟಿಕೊಂಡು ಏನಾಗಬೇಕು?

ಕರೆಂಟಿನ ಲೆಕ್ಕ ಮಾತ್ರ ಮೊದಲೇ ನೋಡಿಕೊಳ್ಳಿ. 1060 ಎಳೆಯುವುದು 120 ವ್ಯಾಟ್, 3060ಗೆ 170. ನನ್ನ ಕಂಪ್ಯೂಟರಿಗೆ ಕರೆಂಟ್ ಕೊಡುವ 550 ವ್ಯಾಟ್ ಎಸ್‌ಎಂಪಿಎಸ್‌ಗೆ ಅದು ಹೊರೆಯಾಗಲಿಲ್ಲ, ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ ಕೂಡ ಅದರಲ್ಲೇ ಇತ್ತು.