ಕಕ್ಕಡದ ಬುಟ್ಟಿಗೆ ಬೇಸಿಗೆಯ ಕಾಯಿ

ನಮ್ಮ ಕೊಡಗಿನಲ್ಲಿ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಗೆ ಟೊಮೆಟೊ, ಕೊತ್ತಂಬರಿಗಳು ಕೊಳೆತುಹೋಗುವುದರಿಂದ, ತೋಟಕ್ಕೆ ಮುಂಗಡ ಹಣ ಕೊಟ್ಟು ವಾರದ ತರಕಾರಿ ಬುಟ್ಟಿಯ ಪಾಲಿಗೆ ಕಾಯುವ ಸದಸ್ಯರಿಗಾಗಿ ಬೇಸಿಗೆಯ ಸಿಹಿಗುಂಬಳ, ಬೂದುಗುಂಬಳ, ಬಣ್ಣದ ಸೌತೆ (ಮಂಗಳೂರು ಸೌತೆ)ಗಳನ್ನು ಮೇ ಮುಗಿಯುವುದರೊಳಗೆ ಕೊಯ್ದು ಕಾಪಿಡುವುದು ಒಳ್ಳೆಯದು. ಉಗುರು ಒತ್ತಿದರೂ ಸಿಪ್ಪೆಗೆ ಇಳಿಯದಷ್ಟು ಬಲಿತ ಕಾಯಿಯನ್ನು ಬಿಸಿಲಿರುವ ದಿನ, ಮೂರು ಬೆರಳಗಲ ತೊಟ್ಟು ಉಳಿಸಿ ಕತ್ತರಿಸಬೇಕು. ತೊಟ್ಟು ಕಳಚಿದ ಕಾಯಿ ಅಲ್ಲಿಂದಲೇ ಕೊಳೆಯತೊಡಗುವುದರಿಂದ ಅದನ್ನು ಆ ವಾರವೇ ಹಂಚಿಬಿಡಿ. ಸೌತೆಯನ್ನು ಬಾಳೆನಾರಿನಿಂದ ಕಟ್ಟಿ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವ ಕಡೆ ಜಂತಿಗೆ ತೂಗುಹಾಕಿ. ಸಿಮೆಂಟು ನೆಲದ ಮೇಲೆ ರಾಶಿ ಹಾಕಿ ಒಂದು ವರ್ಷ ಅರ್ಧದಷ್ಟನ್ನು ಕಳೆದುಕೊಂಡವನು ನಾನು. ಮಳೆಗಾಲದಲ್ಲಿ ಕೆಸುವಿನ ಸೊಪ್ಪು ಹೇಗೂ ಹುಲುಸಾಗಿ ಬರುತ್ತದೆ. ತುರಿಸದಿರಲು ಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕೆಂಬ ಚೀಟಿಯನ್ನು ಮಾತ್ರ ಪೇಟೆಯ ಸದಸ್ಯರ ಬುಟ್ಟಿಯಲ್ಲಿ ಇಡಲು ಮರೆಯಬೇಡಿ.