ಎರಡು ತಲೆಸ್ನಾನದ ನಡುವೆ ಗುಂಗುರು ಕೂದಲು: ನಾನು ಮಾಡುವ ಕ್ರಮ

ಗುಂಗುರು ಕೂದಲಿಗೆ ದಿನಾ ಶಾಂಪೂ ಹಾಕಿದರೆ ತೆಂಗಿನ ನಾರಿನಂತೆ ಒಣಗುತ್ತದೆ. ಹಾಕದಿದ್ದರೆ ಎರಡನೇ ದಿನ ಬೆಳಿಗ್ಗೆ ಒಂದು ಪಕ್ಕ ಚಪ್ಪಟೆ, ಇನ್ನೊಂದು ಪಕ್ಕ ಪೊದೆ. ವಾರಕ್ಕೆ ಎರಡೇ ತಲೆಸ್ನಾನ ಇಟ್ಟುಕೊಂಡು ನಡುವಿನ ದಿನಗಳನ್ನು ನಾನು ನಿಭಾಯಿಸುವ ಕ್ರಮ ಇದು. ನನ್ನದು ಭುಜ ದಾಟಿದ ಉದ್ದ, ತೋರುಬೆರಳಿನ ದಪ್ಪದ ಸುರುಳಿ, ಕತ್ತಿನ ಹಿಂಭಾಗದಲ್ಲಿ ಮಾತ್ರ ಬರೀ ಅಲೆ. ನಿಮ್ಮ ಸುರುಳಿ ಇದಕ್ಕಿಂತ ಬಿಗಿಯಿದ್ದರೆ ನೀರು ಜಾಸ್ತಿ ಬೇಕಾಗುತ್ತದೆ, ಸಡಿಲವಿದ್ದರೆ ಕಮ್ಮಿ.

ಎರಡನೇ ದಿನದ ಕೂದಲು ಕೇಳುವುದು ಮುಖ್ಯವಾಗಿ ನೀರನ್ನೇ. ಕೂದಲಿನ ಪ್ರೋಟೀನಿನೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಗಿದಾಗ ಬಿಚ್ಚಿಕೊಳ್ಳುತ್ತವೆ, ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಆ ಆಕಾರಕ್ಕೇ ಮತ್ತೆ ಬಿಗಿಯುತ್ತವೆ. ರಾತ್ರಿ ಬೆವರಿಗೆ ಒದ್ದೆಯಾಗಿ ದಿಂಬಿಗೆ ಒತ್ತಿಕೊಂಡೇ ಒಣಗಿದರೆ ಚಪ್ಪಟೆ. ಮತ್ತೆ ಒದ್ದೆ ಮಾಡಿ ಸುರುಳಿಯಾಗಿಯೇ ಒಣಗಲು ಬಿಟ್ಟರೆ ಸುರುಳಿ. ಇನ್ನು ತಲೆಸ್ನಾನದ ದಿನ ಹಚ್ಚಿದ ಜೆಲ್ ಎಲ್ಲೂ ಹೋಗಿರುವುದಿಲ್ಲ. ನೀರು ಬಿದ್ದರೆ ಸಾಮಾನ್ಯವಾಗಿ ಆ ಪದರ ಮೆತ್ತಗಾಗಿ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ. ಕೆದರಿದೆ ಅಂತ ದಿನಾ ಒಂದು ಕೈ ಕ್ರೀಮು, ಮೇಲೊಂದು ಕೈ ಜೆಲ್ಲು ಬಳಿಯುತ್ತಾ ಹೋದರೆ ಮೂರನೇ ದಿನಕ್ಕೆ ಜಿಡ್ಡು ಜಿಡ್ಡಾಗಿ, ಆ ಭಾರಕ್ಕೆ ಸುರುಳಿ ಜೋತುಬೀಳುತ್ತದೆ.

ಯಾವ ನೀರು ಅನ್ನುವುದು ಬೆಂಗಳೂರಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಕಾವೇರಿ ನೀರು ಬರುವ ಮನೆಗಳಿಗೆ ಅಷ್ಟು ಚಿಂತೆಯಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ನಲ್ಲಿಯ ಬಾಯಿಯನ್ನೊಮ್ಮೆ ನೋಡಿ. ಸುತ್ತ ಬಿಳಿ ಪದರ ಕಟ್ಟಿದ್ದರೆ, ಬಕೆಟ್ಟಿನ ಒಳಭಾಗ ಕೈಗೆ ಒರಟಾಗಿ ತಾಗಿದರೆ, ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಕೂದಲ ಮೇಲೂ ಕೂರುತ್ತಿದೆ ಅಂತ ಅರ್ಥ. ಸ್ಪ್ರೇ ಬಾಟಲಿಯಲ್ಲಿ ಆ ನೀರು ಇನ್ನೂ ಕೆಟ್ಟದ್ದು, ಯಾಕೆಂದರೆ ಹೊಡೆದದ್ದನ್ನು ತೊಳೆಯುವುದಿಲ್ಲ. ನೀರು ಆರಿ ಲವಣ ಅಲ್ಲೇ ಉಳಿಯುತ್ತದೆ. ಕುದಿಸಿದರೆ ಗಡಸು ಹೋಗುತ್ತದೆ ಅನ್ನುವುದು ಅರ್ಧ ನಿಜ: ಬೈಕಾರ್ಬನೇಟ್ ರೂಪದ್ದು ತಳಕ್ಕೆ ಇಳಿಯುತ್ತದೆ, ಸಲ್ಫೇಟ್, ಕ್ಲೋರೈಡ್ ರೂಪದ್ದು ಹಾಗೇ ಇರುತ್ತದೆ. ನಾನು ಬಾಟಲಿಗೆ ಹಾಕುವುದು ಆರ್‌ಒ ಫಿಲ್ಟರಿನ ಕುಡಿಯುವ ನೀರು. ಫಿಲ್ಟರ್ ಹೊರಗೆ ಬಿಡುವ ನೀರನ್ನು ನೆಲ ಒರೆಸಲು ಹಿಡಿದಿಡುವವರು ಅದನ್ನು ತಲೆಗೆ ತರಬೇಡಿ, ಬೇಡದ ಲವಣವೆಲ್ಲ ಇರುವುದು ಅದರಲ್ಲೇ. ಗಡಸು ನೀರಿನ ಮನೆಯವರಿಗೆ ತಿಂಗಳಿಗೊಮ್ಮೆ ಕೀಲೇಟಿಂಗ್ ಶಾಂಪೂ, ಅಂದರೆ ಕೂದಲ ಮೇಲೆ ಕೂತ ಲವಣವನ್ನು ಹಿಡಿದು ತೆಗೆಯುವ ಶಾಂಪೂ ಬೇಕು. ಆ ಕೆಲಸ ಮಾಡುವ ಇಡಿಟಿಎ ಅನ್ನುವ ವಸ್ತು ಹೆಸರಿಗೆ ಒಂದಿಷ್ಟು ಬಹಳಷ್ಟು ಶಾಂಪೂಗಳ ಘಟಕಗಳ ಪಟ್ಟಿಯ ಕೊನೆಯಲ್ಲಿ ಇರುತ್ತದೆ. ಲವಣ ತೆಗೆಯಬೇಕಾದರೆ ಅದು ಮೇಲಿನ ಸಾಲುಗಳಲ್ಲಿರಬೇಕು.

ಬಾಟಲಿಯ ಅಳತೆ: 200 ಮಿಲಿ ನೀರಿಗೆ ಒಂದು ಟೀ ಚಮಚ ಲೀವ್-ಇನ್ ಕಂಡೀಷನರ್ (ಹಚ್ಚಿದ ಮೇಲೆ ತೊಳೆಯದೆ ಹಾಗೇ ಬಿಡುವಂಥದ್ದು), ಚೆನ್ನಾಗಿ ಕುಲುಕಿ. ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬಾರದು. ನೀರು ಬೆರೆತ ಮೇಲೆ ಅದರೊಳಗಿನ ಪ್ರಿಸರ್ವೇಟಿವ್ ಸಾಲುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಇಸ್ತ್ರಿಗೆ, ಗಿಡಕ್ಕೆ ಬಳಸುವ ಬಾಟಲಿ ದಪ್ಪ ಹನಿ ಉಗುಳುತ್ತದೆ: ಮೇಲಿನ ಪದರ ತೊಪ್ಪೆ, ಒಳಗೆ ಒಣಕಲು. ಸಲೂನಿನವರು ಬಳಸುವ, ಮಂಜಿನಂತೆ ಎರಚುವ ಬಾಟಲಿಗೆ ಸ್ವಲ್ಪ ದುಡ್ಡು ಹಾಕುವುದು ದಂಡವಲ್ಲ.

ಹೊಸ ಕಂಡೀಷನರ್ ತಂದಾಗ ಅಂಗೈ ಮೇಲೆ ಬಟಾಣಿ ಗಾತ್ರದಷ್ಟು ಅದನ್ನೂ ಅಷ್ಟೇ ಜೆಲ್ಲನ್ನೂ ಹಾಕಿ ಬೆರಳಲ್ಲಿ ಕಲಸಿ ನೋಡುತ್ತೇನೆ. ನುಣ್ಣಗೆ ಕೂಡಿಕೊಂಡರೆ ಸರಿ. ಒಡೆದು ಸಣ್ಣ ಸಣ್ಣ ಬಿಳಿ ಗಂಟು ಬಿದ್ದರೆ ಆ ಜೋಡಿ ಬೇಡ; ಕೂದಲ ಮೇಲೂ ಹಾಗೇ ಒಡೆದು, ಒಣಗಿದ ಮೇಲೆ ಪುಡಿಪುಡಿಯಾಗಿ ಭುಜಕ್ಕೆ ಉದುರುತ್ತದೆ. ಅದನ್ನೇ ಹೊಟ್ಟು ಅಂದುಕೊಂಡು ಹೊಟ್ಟಿನ ಶಾಂಪೂ ತರುವವರಿದ್ದಾರೆ.

ರಾತ್ರಿ ಸರಿಯಾಗಿ ಕಟ್ಟಿ ಮಲಗಿದರೆ ಬೆಳಗಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ತಲೆ ಕೆಳಗೆ ಬಗ್ಗಿಸಿ, ಕೂದಲೆಲ್ಲ ಹಣೆ ಕಡೆಗೆ ಬಿಟ್ಟು, ನಡುನೆತ್ತಿಯಲ್ಲಿ ಸ್ಯಾಟಿನ್ ಬ್ಯಾಂಡನ್ನು ಒಂದೇ ಸುತ್ತು ಹಾಕಿ. ಎರಡು ಸುತ್ತು ಬಿಗಿದರೆ ಬೆಳಿಗ್ಗೆ ಅಲ್ಲೊಂದು ಮಡಿಕೆ ಬಿದ್ದಿರುತ್ತದೆ. ಹತ್ತಿ ಕವರಿನ ದಿಂಬು ಕೂದಲ ಪಸೆ ಹೀರುತ್ತದೆ, ಹೊರಳಿದಾಗೆಲ್ಲ ಉಜ್ಜುತ್ತದೆ. ಚಿಕ್ಕಪೇಟೆಯಲ್ಲಿ ಸ್ಯಾಟಿನ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. 44 ಇಂಚು ಪನ್ನದ ಬಟ್ಟೆ ಒಂದು ಮೀಟರ್ ತಂದು ಬೀದಿಯ ಟೈಲರಿಗೆ ಕೊಟ್ಟರೆ ಒಂದು ದಿಂಬಿನ ಕವರೂ ಉಳಿದ ಪಟ್ಟಿಯಲ್ಲಿ ಬ್ಯಾಂಡೂ ಆಗುತ್ತದೆ. ಹಳೇ ರೇಷ್ಮೆ ಸೀರೆಯ ತುಂಡಾದರೂ ನಡೆದೀತು, ಅಂಚು ಸೆರಗು ಬಿಟ್ಟು. ಜರಿ ಎಳೆ ಕೂದಲನ್ನು ಕಚ್ಚಿ ಎಳೆಯುತ್ತದೆ.

ಮಲಗುವ ಮೊದಲು ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚು ಅನ್ನುವ ಅಜ್ಜಿಯರ ಮಾತನ್ನು ತಲೆಸ್ನಾನದ ಹಿಂದಿನ ರಾತ್ರಿಗೆ ಎತ್ತಿಡಿ. ಕೊಬ್ಬರಿ ಎಣ್ಣೆ ಕೂದಲೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ, ಅದು ಹೌದು. ಆದರೆ ನಡುವಿನ ದಿನ ಹಚ್ಚಿದರೆ ಬೆಳಿಗ್ಗೆ ಹೊಡೆದ ನೀರು ಒಳಗೆ ಹೋಗದೆ ಮೇಲೇ ಜಾರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಡಿಸೆಂಬರ್, ಜನವರಿಯಲ್ಲಿ ಕೂದಲ ಮೇಲೆ ಅಲ್ಲಲ್ಲಿ ಮೇಣದಂತೆ ನಿಲ್ಲುವುದೂ ಉಂಟು.

ಬೆಳಿಗ್ಗೆ ಕಟ್ಟು ಬಿಚ್ಚಿ ಹತ್ತು ನಿಮಿಷ ಹಾಗೇ ಬಿಡುತ್ತೇನೆ. ಸ್ನಾನದ ಬಿಸಿ ಹಬೆಗೇ ಎಷ್ಟೋ ಸುರುಳಿ ತಾನಾಗಿ ಇಳಿದು ಕೂರುತ್ತದೆ. ಬಾಚಣಿಗೆ ಮುಟ್ಟುವಂತಿಲ್ಲ, ಒಣ ಗುಂಗುರನ್ನು ಬಾಚಿದರೆ ಗೊಂಚಲು ಒಡೆದು ಒಂದೊಂದು ಎಳೆ ಒಂದೊಂದು ದಿಕ್ಕಿಗೆ. ಆಮೇಲೆ ಕನ್ನಡಿಯಲ್ಲಿ ಕೆಟ್ಟಿರುವುದು ಎಲ್ಲೆಲ್ಲಿ ಅಂತ ಹುಡುಕಬೇಕು. ಇಡೀ ತಲೆ ಕೆಡುವುದು ಅಪರೂಪ. ನಡುನೆತ್ತಿ, ಬೈತಲೆಯ ಎರಡು ಪಕ್ಕ, ಮಲಗಿದ ಪಕ್ಕದ ಕಿವಿಯ ಹಿಂದೆ, ಸಾಮಾನ್ಯವಾಗಿ ಇಷ್ಟೇ. ನೀರು ಅಷ್ಟಕ್ಕೇ, ಆದರೆ ಅಷ್ಟಕ್ಕೆ ಪೂರ್ತಿ.

ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಮೇಲೆ ಮೇಲೆ ನಾಲ್ಕು ಸಲ ಎರಚಿದರೆ ಹೊರಗಿನ ಎಳೆ ಮಾತ್ರ ನೀರು ಕುಡಿದು ಉಬ್ಬುತ್ತದೆ, ಒಳಗಿನದ್ದು ಒಣಗೇ ಇರುತ್ತದೆ. ಎರಡೂ ಬೇರೆ ಬೇರೆಯಾಗಿ ಕೆದರುತ್ತವೆ. ಗೊಂಚಲನ್ನು ಎತ್ತಿ ಒಂದು ಗೇಣು ದೂರದಿಂದ ಒಳಗೂ ಹೊರಗೂ ಹೊಡೆಯಿರಿ. ಮುಷ್ಟಿಯಲ್ಲಿ ಒತ್ತಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಈಗ ಗೊಂಚಲನ್ನು ಎರಡು ಅಂಗೈಗಳ ನಡುವೆ ಇಟ್ಟು ಮೇಲಿನಿಂದ ಕೆಳಕ್ಕೆ ಸವರಿ, ಚದುರಿದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವವರೆಗೆ. ಹಳೇ ಜೆಲ್ ಮೆತ್ತಗಾದದ್ದು ಕೈಗೇ ಗೊತ್ತಾಗುತ್ತದೆ, ಬೆರಳು ಸಲೀಸಾಗಿ ಜಾರಲು ಶುರುವಾಗುತ್ತದೆ. ಆಮೇಲೆ ತುದಿಯನ್ನು ಅಂಗೈಯಲ್ಲಿ ಕೂರಿಸಿ ನೆತ್ತಿ ಕಡೆಗೆ ಒತ್ತಿ, ಐದು ಎಣಿಸಿ, ಬಿಡಿ. ಉಜ್ಜಬೇಡಿ.

ಮಾತು ಕೇಳದ ಒಂದೆರಡು ಎಳೆ ಇದ್ದೇ ಇರುತ್ತವೆ, ಹೆಚ್ಚಾಗಿ ಹಣೆಯ ಮುಂದೆ. ಅವುಗಳಿಗೆ ಮಾತ್ರ ಕಡಲೆಕಾಳಿನಷ್ಟು ಜೆಲ್ ಹಚ್ಚಿ ಬೆರಳಿಗೆ ಸುತ್ತಿ ಬಿಡುತ್ತೇನೆ. ಪಕ್ಕದ ಸುರುಳಿ ಯಾವ ಕಡೆಗೆ ತಿರುಗಿದೆಯೋ ಅದೇ ಕಡೆಗೆ ಸುತ್ತಬೇಕು. ತಿರುವು ಎದುರಾದರೆ ಮಧ್ಯಾಹ್ನದೊಳಗೆ ಬಿಚ್ಚಿಕೊಂಡು ನಿಲ್ಲುತ್ತದೆ. ಬೈತಲೆಯ ಬುಡ ಕೂತಿದ್ದರೆ ಬುಡದ ಕೂದಲನ್ನು ಸ್ವಲ್ಪ ಎತ್ತಿ ನಾಲ್ಕೈದು ಕ್ಲಿಪ್ ಸಿಕ್ಕಿಸಿ ಇಪ್ಪತ್ತು ನಿಮಿಷ. ಪೂರ್ತಿ ಆರುವವರೆಗೆ ಕೈ ಹಾಕಬಾರದು, ಸೀಲಿಂಗ್ ಫ್ಯಾನಿನ ಕೆಳಗೆ ಕೂರಬಾರದು. ಅವಸರವಿದ್ದರೆ, ಕರೆಂಟೂ ಇದ್ದರೆ, ಡಿಫ್ಯೂಸರ್ (ಗಾಳಿಯನ್ನು ಚದುರಿಸುವ ಅಗಲ ಮೂತಿ) ಹಾಕಿದ ಡ್ರೈಯರ್, ಕಮ್ಮಿ ಬಿಸಿ, ಕಮ್ಮಿ ವೇಗ. ಒಣಗಿದ ಮೇಲೆ ಗರಿಗರಿ ಅನ್ನಿಸಿದರೆ ಎರಡು ಹನಿ ಎಣ್ಣೆ ಅಂಗೈಗೆ ಸವರಿಕೊಂಡು ಹಿಸುಕಿದರೆ ಸಾಕು.

ಜೆಲ್ ಮನೆಯಲ್ಲೇ ಮಾಡುವವರಿಗೆ: ಎರಡು ದೊಡ್ಡ ಚಮಚ ಅಗಸೆ ಬೀಜ, ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿಲಿ ನೀರು. ಸಣ್ಣ ಉರಿಯಲ್ಲಿ ತಿರುವುತ್ತಾ, ಸೌಟಿನಿಂದ ಎಳೆ ಎಳೆಯಾಗಿ ಇಳಿಯುವ ಹೊತ್ತಿಗೆ ಆರಿಸಿ, ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ತಣ್ಣಗಾದರೆ ಬೀಜ ಬಿಟ್ಟು ಬರುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ, ಹುಳಿ ವಾಸನೆ ಬಂದರೆ ಚೆಲ್ಲಿ. ದಾಸವಾಳದ ಎಲೆಯ ಲೋಳೆ ಕೂದಲನ್ನು ಮೆತ್ತಗೆ ಮಾಡುತ್ತದೆ, ಹಿಡಿತ ಕೊಡುವುದಿಲ್ಲ. ಎಲೆಯ ಚೂರು ಹೆಕ್ಕುವ ತಾಳ್ಮೆಯೂ ಬೇಕು.

ಕಾಲ ನೋಡಿ ಬದಲಿಸಬೇಕಾದದ್ದು ಗ್ಲಿಸರಿನ್ ಒಂದೇ. ಅದು ನೀರಿನಂಶವನ್ನು ಎಳೆದುಕೊಳ್ಳುವ ವಸ್ತು. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದ ಗಾಳಿಯಲ್ಲಿ ಪಟ್ಟಿಯ ಮೊದಲ ಸಾಲಿನಲ್ಲೇ ಗ್ಲಿಸರಿನ್ ಇರುವ ಕ್ರೀಮು ಹಚ್ಚಿ ಹೊರಟರೆ ಕೂದಲು ಉಬ್ಬಿ ಕೆದರುತ್ತದೆ. ಫೆಬ್ರವರಿ, ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ಗಾಳಿಯಲ್ಲಿ ಎಳೆಯಲು ನೀರೇ ಇರುವುದಿಲ್ಲ, ಕೂದಲಿನದ್ದನ್ನೇ ಎಳೆದೀತು, ಆಗಲೂ ಕಮ್ಮಿ ಇರುವುದೇ ವಾಸಿ.

ಸ್ಕೂಟರ್ ಓಡಿಸುವವರು ಒದ್ದೆ ತಲೆಗೆ ಹೆಲ್ಮೆಟ್ ಹಾಕಬೇಡಿ. ಒಣಗುವುದೇ ಹೆಲ್ಮೆಟ್ಟಿನ ಆಕಾರದಲ್ಲಿ ಆಗುತ್ತದೆ, ಒಳಗಿನ ಸ್ಪಂಜೂ ವಾಸನೆ ಹಿಡಿಯುತ್ತದೆ. ಒಳಗೊಂದು ತೆಳು ಸ್ಯಾಟಿನ್ ಟೋಪಿ, ಇಳಿದ ಮೇಲೆ ತಲೆ ಬಗ್ಗಿಸಿ ಬುಡವನ್ನು ಬೆರಳ ತುದಿಯಲ್ಲಿ ಅಲುಗಾಡಿಸಿದರೆ ಮುಕ್ಕಾಲು ಪಾಲು ವಾಪಸ್ ಬರುತ್ತದೆ. ಮಲ್ಲಿಗೆ ಮುಡಿಯುವ ದಿನ ಮಾಲೆಯ ನೀರು ಚೆನ್ನಾಗಿ ಒದರಿ, ಇಲ್ಲದಿದ್ದರೆ ಹೂವಿನ ಸುತ್ತಲಿನ ಸುರುಳಿ ಮಾತ್ರ ಸಡಿಲವಾಗಿ ಇಳಿಯುತ್ತದೆ.

ನಾಲ್ಕನೇ ದಿನ ನಾನು ಹೆಚ್ಚು ಹಟ ಮಾಡುವುದಿಲ್ಲ, ಸಡಿಲ ಜಡೆ ಅಥವಾ ತುರುಬು. ಹೊಡೆದ ನೀರು ಇಳಿಯದೆ ಹನಿ ಹನಿಯಾಗಿ ಮೇಲೇ ನಿಂತರೆ, ನೆತ್ತಿ ಕೆರೆದಾಗ ಉಗುರಿಗೆ ಬಿಳಿ ಜಿಡ್ಡು ಬಂದರೆ, ಲೆಕ್ಕದ ದಿನ ಬಂದಿರಲಿ ಬಿಡಲಿ, ತಲೆಸ್ನಾನ. ಜಿಮ್ಮಿಗೆ ಹೋಗಿ ಬೆವರುವವರು ನೆತ್ತಿಯನ್ನು ನಡುವೆ ಒಮ್ಮೆ ಬರೀ ನೀರಲ್ಲಿ ತೊಳೆದು, ಉದ್ದಕ್ಕೆ ಮಾತ್ರ ಕಂಡೀಷನರ್ ಹಾಕಿಕೊಳ್ಳಬಹುದು. ಅವತ್ತು ಮಾತ್ರ ಜೆಲ್ ಹೊಸದಾಗಿ ಹಚ್ಚಬೇಕಾಗುತ್ತದೆ, ಹಳೆಯದು ಆ ನೀರಲ್ಲೇ ಹೋಗಿರುತ್ತದೆ.