ಅಧ್ಯಕ್ಷರ ಷರಾ ಓದುವುದು ಹೇಗೆ: 1971ರ ಕಡತ ಹಿಡಿದು

ಅಮೆರಿಕದ ವಿದೇಶಾಂಗ ನೀತಿಯಲ್ಲಿ ಅಧ್ಯಕ್ಷರ ಪಾಲೆಷ್ಟು ಎಂದು ತಿಳಿಯಬೇಕಾದರೆ ಭಾಷಣಗಳನ್ನು ಬದಿಗಿಡಿ, ಕಡತ ತೆರೆಯಿರಿ. ಅಭ್ಯಾಸಕ್ಕೆ 1971ರ ಬಾಂಗ್ಲಾ ಬಿಕ್ಕಟ್ಟು, ಅಂದರೆ ಪೂರ್ವ ಪಾಕಿಸ್ತಾನದಲ್ಲಿ ಪಾಕ್ ಸೇನೆಯ ದಮನದಿಂದ ಯುದ್ಧದವರೆಗಿನ ಕಥೆ, ಹೇಳಿ ಮಾಡಿಸಿದಂತಿದೆ. ಆಗ ಅಮೆರಿಕದ ಅಧ್ಯಕ್ಷರು ರಿಚರ್ಡ್ ನಿಕ್ಸನ್. ಅಲ್ಲಿನ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗದ ಜಾಲತಾಣದಲ್ಲಿ 1969–1976ರ ದಾಖಲೆ ಸರಣಿಯ 11ನೇ ಸಂಪುಟ ಪುಕ್ಕಟೆ ಸಿಗುತ್ತದೆ.

ಮೊದಲು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಕೆಳಗಿನಿಂದ ಮೇಲೆ ಹೋದ ಸಲಹೆ ಎಡಕ್ಕೆ, ಮೇಲಿನಿಂದ ಬಂದ ಆದೇಶ ಬಲಕ್ಕೆ, ಎರಡೂ ದಿನಾಂಕವಾರು. ಎಡಗಡೆ ಏಪ್ರಿಲ್ 6: ಢಾಕಾದಲ್ಲಿ ಅಮೆರಿಕದ ಕಾನ್ಸಲ್ ಜನರಲ್ (ರಾಜತಾಂತ್ರಿಕ ಕಚೇರಿಯ ಮುಖ್ಯಸ್ಥ) ಆಗಿದ್ದ ಆರ್ಚರ್ ಬ್ಲಡ್ ಕಚೇರಿಯಿಂದ ಹೊರಟ, ದಮನದ ಬಗ್ಗೆ ಅಮೆರಿಕದ ಮೌನವನ್ನು ವಿರೋಧಿಸಿ 20 ಅಧಿಕಾರಿಗಳು ಸಹಿ ಹಾಕಿದ್ದ ಭಿನ್ನಮತದ ಟೆಲಿಗ್ರಾಂ. ಏಪ್ರಿಲ್ 28ಕ್ಕೆ ಅಧ್ಯಕ್ಷರ ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಟಿಪ್ಪಣಿ, ಅದರಲ್ಲಿ ಮೂರು ಆಯ್ಕೆ. ನಿಕ್ಸನ್ ಒಪ್ಪಿದ್ದು ಮೂರನೆಯದನ್ನು, ಅಂದರೆ ರಾಜಕೀಯ ಇತ್ಯರ್ಥಕ್ಕೆ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್‌ಗೆ ನೆರವಾಗುವುದನ್ನು. ಇಷ್ಟಕ್ಕೇ ನಿಲ್ಲಿಸಿದರೆ ನೀತಿ ಸಮತೂಕದ್ದಾಗಿ ಕಾಣುತ್ತದೆ. ಅದರ ಕೆಳಗೆ ನಿಕ್ಸನ್ ಕೈಯಾರೆ ಬರೆದ ಷರಾ ಓದಿ: ಸದ್ಯಕ್ಕೆ ಯಾಹ್ಯಾ ಮೇಲೆ ಒತ್ತಡ ಹಾಕಬೇಡಿ, ಇದು ಎಲ್ಲರಿಗೂ. ಆಯ್ಕೆಯ ಹಲ್ಲು ಕಿತ್ತದ್ದು ಈ ಒಂದು ಸಾಲು.

ಆಮೇಲೆ, ಯಾರನ್ನು ಹೊರಗಿಟ್ಟಿದ್ದರು ಎಂದು ನೋಡಿ. ಜುಲೈ 9ರಂದು ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗ್ ತಲುಪಿದರು. ಚೀನಾದೊಂದಿಗೆ ಸಂಬಂಧ ಬೆಳೆಸುವ ಆ ದಾರಿ ಮಾಡಿಕೊಟ್ಟವರು ಯಾಹ್ಯಾ; ಅವರನ್ನು ನೋಯಿಸಲು ಶ್ವೇತಭವನ ಹಿಂಜರಿದದ್ದಕ್ಕೆ ಇದೂ ಒಂದು ಕಾರಣ. ವಿದೇಶಾಂಗ ಇಲಾಖೆಯ ಬಹುತೇಕರಿಗೆ ಇದರ ಸುಳಿವೇ ಇರಲಿಲ್ಲ. ಹಾಗಾಗಿ ಇಲಾಖೆಯ ಪತ್ರಗಳನ್ನಷ್ಟೇ ಓದಿದವರಿಗೆ ಶ್ವೇತಭವನದ ನಡೆ ತಲೆಬುಡವಿಲ್ಲದ್ದಾಗಿ ತೋರುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಆದೇಶ ಕೆಳಗಿಳಿಯಿತೇ ಎಂಬುದನ್ನೂ ಹುಡುಕಿ. ಭಾರತ–ಪಾಕ್ ಯುದ್ಧ ಶುರುವಾದ ಡಿಸೆಂಬರ್ 3ರಂದು ಅಮೆರಿಕದ ಹಿರಿಯ ಅಧಿಕಾರಿಗಳು ನಡೆಸಿದ ಸಭೆಯ ನಡಾವಳಿಯಲ್ಲಿ ಕಿಸಿಂಜರ್ ಗೋಳು ದಾಖಲಾಗಿದೆ: ಭಾರತದ ವಿಷಯದಲ್ಲಿ ಬಿಗಿಯಾಗಿಲ್ಲವೆಂದು ಅಧ್ಯಕ್ಷರು ಅರ್ಧ ಗಂಟೆಗೊಮ್ಮೆ ಬೈಯುತ್ತಿದ್ದಾರೆ, ಪಾಕಿಸ್ತಾನದ ಕಡೆ ವಾಲಬೇಕಂತೆ. ಹೀಗೆ ಹೇಳಬೇಕಾಗಿ ಬಂತೆಂದರೆ ಕೆಳಗಿನವರು ಅಷ್ಟಾಗಿ ವಾಲಿರಲಿಲ್ಲ ಎಂದೇ ಅರ್ಥ.

ಎಲ್ಲವನ್ನೂ ಇಂದಿರಾ ಗಾಂಧಿಯವರ ಮೇಲಿನ ನಿಕ್ಸನ್ ಸಿಟ್ಟಿಗೆ ಕಟ್ಟಬೇಡಿ. ಶ್ವೇತಭವನದ ಮಾತುಕತೆಗಳ ಧ್ವನಿಮುದ್ರಿಕೆಗಳಲ್ಲಿ ಆ ಸಿಟ್ಟು ಧಾರಾಳವಾಗಿದೆ, ನಿಜ. ಆದರೂ ಬೇರೆ ಅಧ್ಯಕ್ಷರಿದ್ದಿದ್ದರೆ ಏನು ಬದಲಾಗುತ್ತಿತ್ತು ಎಂದು ಪ್ರತಿ ನಿರ್ಧಾರಕ್ಕೂ ಕೇಳಿ. ಚೀನಾದ ಬಾಗಿಲು ಬೇರೆಯವರಿಗೂ ಬೇಕಾಗಿದ್ದೀತು. ಸ್ವಂತ ಇಲಾಖೆಯಿಂದಲೇ ಅದನ್ನು ಮುಚ್ಚಿಟ್ಟದ್ದು ನಿಕ್ಸನ್ ಶೈಲಿ.

ಕಾನೂನಿನ ಮಿತಿಗಳನ್ನು ಆಯಾ ಕಾಲಕ್ಕೆ ಹೊಂದಿಸಿ ನೋಡಿ. ಒಪ್ಪಂದಕ್ಕೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕೆಂಬುದು ಹಳೆಯ ನಿಯಮ. ಸೇನೆ ಕಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಕಾಂಗ್ರೆಸ್ಸಿಗೆ (ಅಮೆರಿಕದ ಸಂಸತ್ತಿಗೆ) ತಿಳಿಸಬೇಕೆಂಬ ನಿಯಮ ಬಂದದ್ದು 1973ರಲ್ಲಿ. ಅದನ್ನು 1971ರ ಲೆಕ್ಕಕ್ಕೆ ತರಬೇಡಿ.